ಜೇಬಿನ ಮೇಲಿನ ಕುನ್ನಿ

ಅತ್ತೆಯೂ ನಾನೂ ಮೇಜಿನ ಆಚೀಚೆ ಕೂತು ಅಡುಗೆಯವರ ಬಿಳಿ ಕೋಟುಗಳಿಂದ ಹೆಸರು ಬಿಚ್ಚುತ್ತಿದ್ದೆವು. ದೊಡ್ಡ ಹೋಟೆಲೊಂದರಿಂದ ಬಂದ ಕೋಟುಗಳು ಅವು. ಕೆಲಸ ಬಿಟ್ಟು ಹೋದವರ ಹೆಸರು ತೆಗೆದು, ಹೊಸದಾಗಿ ಸೇರಿದವರ ಹೆಸರು ಹಾಕಿಕೊಡಬೇಕಿತ್ತು. ಬಟ್ಟೆಯನ್ನು ಮಗುಚಿ ಹಾಕಿ, ಒಳಬದಿಯ ಬಿಳಿ ದಾರಕ್ಕೆ ಹರಿತವಾದ ಸಣ್ಣ ಕೊಕ್ಕೆ ತೂರಿಸಿ, ಒಂದಷ್ಟು ಹೊಲಿಗೆಗೊಮ್ಮೆ ಕತ್ತರಿಸುತ್ತಾ ಹೋಗಬೇಕು. ಆಮೇಲೆ ತಿರುಗಿಸಿ ಮೇಲಿನ ಬಣ್ಣದ ದಾರ ಎಳೆದರೆ ಅಕ್ಷರಗಳು ಒಂದೊಂದಾಗಿ ಸುರುಳಿ ಸುತ್ತಿಕೊಂಡು ಕೈಗೆ ಬರುತ್ತವೆ. ಅವಸರ ಮಾಡಿದರೆ ಬಟ್ಟೆ ಹರಿಯುತ್ತದೆ.

ಬಿಚ್ಚುವುದು ಯಾವಾಗಲೂ ಒಳಬದಿಯಿಂದ. ಹಾಗಾಗಿ ನಾನು ಹೆಸರುಗಳನ್ನು ನೋಡುವುದು ಕನ್ನಡಿಯಲ್ಲಿ ಕಾಣುವ ಹಾಗೆ, ತಿರುಗಿ ನಿಂತ ಅಕ್ಷರಗಳಲ್ಲಿ. ಈಗ ಅವನ್ನೇ ಬೇಗ ಓದುತ್ತೇನೆ. ಶಾಲೆಯನ್ನು ನಡುವೆಯೇ ಬಿಟ್ಟವಳು ನಾನು. ಉಳಿದ ಓದನ್ನು ಬಟ್ಟೆಯ ಬೆನ್ನಿನ ಮೇಲೆ ಕಲಿತೆ ಅನ್ನಬೇಕು.

"ಕುನ್ನೀ."

ಒಳಗಿನ ಕೋಣೆಯಿಂದ ಮೇಸ್ತ್ರಿ ಕೂಗಿದರು. ಅಲ್ಲಿ ಕಸೂತಿ ಮಷಿನ್‌ಗಳು ಗಿರಗಿರ ಅನ್ನುತ್ತಿದ್ದರೂ ಆ ಕೂಗು ಬಾಗಿಲು ದಾಟಿ ಬಂತು.

"ಹೋಗೇ, ಕೂಗ್ತಿದಾರೆ," ಅಂದಳು ಅತ್ತೆ, ತಲೆ ಎತ್ತದೆ.

ನಾನು ಎದ್ದು ಹೋದೆ.

ಕುನ್ನಿ ಅಂದರೆ ನಾಯಿಮರಿ. ಬೆಳೆದ ನಾಯಿಯನ್ನೂ ಕುನ್ನಿ ಅನ್ನುವವರಿದ್ದಾರೆ. ಪಾಠದಲ್ಲಿ ನಾಯಿ ಅಂತ ಬರೆದಿರುತ್ತದೆ, ಬಹುಮಾನ ಕೊಡುವ ಕಡೆ ಶ್ವಾನ ಅನ್ನುತ್ತಾರೆ. ಮನೆಯೊಳಗೆ, ಬೀದಿಯಲ್ಲಿ, ಮುದ್ದು ಬಂದಾಗ, ಸಿಟ್ಟು ಬಂದಾಗ ಮಾತ್ರ ಕುನ್ನಿ. ಹೇಳುವವರ ಮುಖ ನೋಡಿಕೊಂಡು ಅರ್ಥ ಮಾಡಿಕೊಳ್ಳಬೇಕಾದ ಮಾತು ಅದು. ಅತ್ತೆಯ ಬಾಯಲ್ಲಿ ತಲೆ ಸವರಿದ ಹಾಗಿರುತ್ತದೆ. ಮೇಸ್ತ್ರಿಯ ಬಾಯಲ್ಲಿ ಗಂಟೆ ಬಾರಿಸಿದ ಹಾಗೆ. ಅವರಿಗೆ ನಾನು ಬಂದರೆ ಸಾಕು, ನಾನು ಯಾರಾದರೂ ಆಗಿರಲಿ. ಬಟ್ಟೆ ಗಂಟುಗಳನ್ನು ತಂದು ಇಳಿಸುವ ವ್ಯಾನಿನ ಡ್ರೈವರ್ ಅದರ ಜೊತೆ ನಾಲಿಗೆ ಲೊಚಗುಟ್ಟಿಸುವುದನ್ನೂ ಸೇರಿಸುತ್ತಾನೆ. "ಇವತ್ತು ಕುನ್ನಿ ಕಚ್ಚಲ್ಲ ತಾನೆ?" ಅಂತ ಬಾಗಿಲಲ್ಲೇ ನಿಂತು ಕೇಳುತ್ತಾನೆ. ಒಂದು ದಿನವೂ ಮರೆಯುವುದಿಲ್ಲ. ಒಂದು ದಿನವೂ ಹೊಸ ಮಾತು ಹುಡುಕುವುದಿಲ್ಲ. ನನಗೆ ಹೆಚ್ಚು ಬೇಜಾರಾಗುವುದು ಅದಕ್ಕೇ.

ಹೆಸರು ಇಟ್ಟವಳು ಅತ್ತೆ. ಅವಳು ನನ್ನ ಅಪ್ಪನ ಅಕ್ಕ. ಅಮ್ಮ ತೀರಿಕೊಂಡ ಮೇಲೆ, ನಾನಿನ್ನೂ ನಡೆಯಲು ಕಲಿಯುವ ಮೊದಲೇ, ಅಪ್ಪ ನನ್ನನ್ನು ಅವಳ ಮಡಿಲಿಗೆ ಹಾಕಿ ಹೋದ. ನಡೆಯಲು ಬಂದ ಮೇಲೆ ನಾನು ಅವಳ ಬಟ್ಟೆಯ ಅಂಚು ಹಿಡಿದು, ಅಡುಗೆಮನೆಗೆ ಹೋದರೆ ಅಡುಗೆಮನೆಗೆ, ನಲ್ಲಿಗೆ ಹೋದರೆ ನಲ್ಲಿಗೆ ಹೋಗುತ್ತಿದ್ದೆನಂತೆ. ಅವಳು ಹೊಲಿಯಲು ಕೂತರೆ ಕಾಲ ಬಳಿ ಮುದುಡಿಕೊಂಡು ನಿದ್ದೆ ಮಾಡುತ್ತಿದ್ದೆನಂತೆ. ಅದಕ್ಕೆ ಕುನ್ನಿ. ಅತ್ತೆ ಇಲ್ಲಿ ಕೆಲಸಕ್ಕೆ ಸೇರಿದಾಗ ನನ್ನನ್ನೂ ಕರೆತಂದಳು, ನನ್ನ ಜೊತೆ ಹೆಸರೂ ಬಂತು.

ಇನ್ನೊಂದು ಹೆಸರು ಇದೆ. ಅಪ್ಪ ಇಟ್ಟದ್ದು, ಅವನ ತಾಯಿಯದು. ಶಾಲೆಯಲ್ಲಿ ಹಾಜರಿ ಕೂಗುವಾಗ ದಿನಾ ಆ ಹೆಸರು ಬರುತ್ತಿತ್ತು, ನಾನು ಎದ್ದು ನಿಂತು "ಬಂದಿದೀನಿ ಮಿಸ್" ಅನ್ನುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಅದನ್ನು ಯಾರೂ ಕೂಗಿದ್ದು ನಾನು ಕೇಳಿಲ್ಲ.

ಆ ದಿನ ಮೇಸ್ತ್ರಿ ಕರೆದದ್ದು ನನ್ನ ಅಳತೆ ತೆಗೆಯಲು. ಮಾಲೀಕರು ಎಲ್ಲರಿಗೂ ನೀಲಿ ಕೋಟು ಹೊಲಿಸುತ್ತಿದ್ದಾರೆ, ಜೇಬಿನ ಮೇಲೆ ಅವರವರ ಹೆಸರು ಇರುತ್ತದೆ ಅಂದರು. "ಊರವರಿಗೆಲ್ಲ ಹೆಸರು ಹಾಕಿಕೊಡೋ ನಮ್ಮ ಮೈಮೇಲೆ ಒಂದಕ್ಷರ ಇಲ್ಲ, ನೋಡೋಕೆ ಚೆನ್ನಾಗಿರಲ್ಲ ಅಂತೆ. ತೋಳು ಎತ್ತು."

ನಾನು ತೋಳು ಎತ್ತಿದೆ. ಅವರು ಟೇಪು ಸುತ್ತಿದರು. ನಾನು ಯಾರನ್ನೂ ಏನೂ ಕೇಳುವವಳಲ್ಲ. ಆದರೂ ಕೇಳಿದೆ.

"ನನ್ನ ಕೋಟಿಗೆ ನನ್ನ ಹೆಸರು ಹಾಕ್ತೀರಾ?"

"ಮತ್ತೆ ನನ್ನ ಹೆಸರು ಹಾಕ್ತಾರಾ?" ಅಂದು ಮೇಸ್ತ್ರಿ ನಕ್ಕರು. ಮಷಿನ್ ಮುಂದೆ ಕೂತಿದ್ದ ಕೊಕ್ಕರೆಯೂ ನಕ್ಕ. ಉದ್ದ ಕತ್ತಿನ, ಉದ್ದ ಕಾಲಿನ ಹುಡುಗ ಅವನು. ಅವನನ್ನು ಎಲ್ಲರೂ ಕರೆಯುವುದೇ ಹಾಗೆ.

ನಾನು ನಗಲಿಲ್ಲ. ಆದರೆ ಕೆಲಸ ಆಯಿತು ಅಂದುಕೊಂಡೆ. ಅದೇ ನನ್ನ ದಡ್ಡತನ.

ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ತನ್ನ ಹೆಸರನ್ನು ತಾನೇ ಹೊಲಿದುಕೊಳ್ಳಬಾರದು. ಮೇಸ್ತ್ರಿಯ ಗುರುಗಳ ಕಾಲದಿಂದ ಬಂದದ್ದಂತೆ. ಬೇರೆಯವರ ಹೆಸರನ್ನಾದರೆ ಅಕ್ಷರ ಅಕ್ಷರ ನೋಡಿ ಹೊಲಿಯುತ್ತೇವೆ, ನಮ್ಮ ಹೆಸರಾದರೆ ಕಣ್ಣು ಓಡಿಹೋಗುತ್ತದೆ, ಒಂದು ಕೊಂಬೋ ಒತ್ತೋ ತಪ್ಪಿಹೋದದ್ದು ಗೊತ್ತೇ ಆಗುವುದಿಲ್ಲ ಅನ್ನುತ್ತಾರೆ ಅವರು. ಮೇಸ್ತ್ರಿ ಇದನ್ನು ಅದೆಷ್ಟು ನಂಬುತ್ತಾರೆ ಅಂದರೆ ತಮ್ಮ ಕೋಟನ್ನು ಕೊಕ್ಕರೆಯ ಕೈಗೆ ಕೊಟ್ಟು, ಮುಗಿಯುವ ತನಕ ಅತ್ತ ಸುಳಿಯಲಿಲ್ಲ. ಕೊಕ್ಕರೆಯ ಕೋಟನ್ನು ಅವರು ಹೊಲಿದರು. ನನ್ನ ಕೋಟನ್ನು ಅತ್ತೆ ಕೇಳಿ ಇಸಿದುಕೊಂಡಳು.

"ಮಷಿನ್‌ಗೆ ಹಾಕಬೇಡಿ. ನಾನು ಕೈಯಲ್ಲಿ ಮಾಡ್ತೀನಿ," ಅಂದಳಂತೆ.

ಅತ್ತೆಯ ಕೈಕಸೂತಿಯನ್ನು ನೋಡಿದವರು ಈಗ ಕಡಿಮೆ. ಮಷಿನ್ ಬಂದ ಮೇಲೆ ಅವಳ ಪಾಲಿಗೆ ದಾರ ಬಿಚ್ಚುವುದು, ಗುಂಡಿ ಹೊಲಿಯುವುದು, ಇಸ್ತ್ರಿ ಇಷ್ಟೇ ಉಳಿದಿವೆ. ಕಣ್ಣೂ ಮೊದಲಿನಂತಿಲ್ಲ. ಆ ವಾರವೆಲ್ಲ ಅವಳು ಊಟದ ಹೊತ್ತಿನಲ್ಲಿ ಕಿಟಕಿಯ ಬಳಿ ನನಗೆ ಬೆನ್ನು ಹಾಕಿ ಕೂರುತ್ತಿದ್ದಳು. ನಾನು ಹತ್ತಿರ ಹೋದರೆ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು "ಏನು ಕದ್ದು ನೋಡ್ತೀಯಾ, ಹೋಗು ಊಟ ಮಾಡು" ಅನ್ನುತ್ತಿದ್ದಳು. ಅವಳ ಡಬ್ಬಿಯ ಅನ್ನ ತಣ್ಣಗಾಗಿರುತ್ತಿತ್ತು. ಅಜ್ಜಿಯ ಹೆಸರಿನಲ್ಲಿ ಬಿಡಿಸಲು ಕಷ್ಟವಾದ ಒಂದು ಒತ್ತಕ್ಷರ ಇದೆ. ಅದಕ್ಕೇ ಇಷ್ಟು ದಿನ ಹಿಡಿಯಿತು ಅಂದುಕೊಂಡು ನಾನು ಒಳಗೊಳಗೇ ಖುಷಿಪಟ್ಟೆ.

ಕೋಟು ಹಂಚುವ ದಿನ ಅತ್ತೆ ನನ್ನದನ್ನು ಮಡಿಸಿ ತಂದು ಕೈಗಿಟ್ಟಳು. ನನ್ನ ಬೆರಳು ಅಭ್ಯಾಸದಂತೆ ಜೇಬಿನ ಒಳಗೆ, ಹೊಲಿಗೆಯ ಬೆನ್ನಿನ ಕಡೆ ಹೋಯಿತು. ಒಂದು ಗಂಟೂ ಸಿಗಲಿಲ್ಲ. ಒಂದು ಎಳೆಯೂ ಸಡಿಲವಿರಲಿಲ್ಲ. ಬೆರಳಿಗೇ ಗೊತ್ತಾಯಿತು, ಅಕ್ಷರ ಎರಡೇ ಇವೆ.

ಬಿಡಿಸಿ ನೋಡಿದೆ. ಬಿಳಿ ದಾರದಲ್ಲಿ ಕುನ್ನಿ. ನ್ನಿ ಅಕ್ಷರದ ಗುಡಿಸು ಬಾಗಿ ಬಾಲದ ಹಾಗೆ ಮೇಲೆದ್ದಿತ್ತು. ಕು ಅಕ್ಷರದ ತಲೆಯ ಮೇಲೆ ಎರಡು ಜೋಲುಕಿವಿಗಳಿದ್ದವು.

"ಅಬ್ಬಬ್ಬ, ಕೈ ಅಂದ್ರೆ ಇದು," ಅಂದರು ಮೇಸ್ತ್ರಿ. ಕೋಟನ್ನು ನನ್ನ ಕೈಯಿಂದ ತೆಗೆದುಕೊಂಡು, ತಿರುಗಿಸಿ, ಬೆಳಕಿಗೆ ಹಿಡಿದರು. "ಯಾವುದು ಹಿಂದೆ ಯಾವುದು ಮುಂದೆ ಅಂತ ಹೇಳೋಕಾಗಲ್ಲ. ಏ ಕೊಕ್ಕರೆ, ಬಾರೋ ಇಲ್ಲಿ, ನೋಡಿ ಕಲಿ."

ಕೊಕ್ಕರೆ ಬಂದ. ಅವನ ಜೇಬಿನ ಮೇಲೆ ಕೊಕ್ಕರೆ ಅಂತ ಇರಲಿಲ್ಲ. ಅವನ ಹೆಸರು ಇತ್ತು, ಅವನ ಅಪ್ಪನ ಹೆಸರಿನ ಮೊದಲಕ್ಷರದ ಸಮೇತ.

"ಹಾಕ್ಕೊಳ್ಳೇ, ನೋಡೋಣ," ಅಂದಳು ಅತ್ತೆ. ಅವಳ ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು. ನಾನು ಹಾಕಿಕೊಂಡೆ. ಎಲ್ಲರೂ ಚೆನ್ನಾಗಿದೆ ಅಂದರು. ನಾನೂ ಚೆನ್ನಾಗಿದೆ ಅಂದೆ.

ಮನೆಯಲ್ಲಿ ಅತ್ತೆ ಸೊಪ್ಪು ಬಿಡಿಸುತ್ತಿದ್ದಾಗ ನಾನು ಎದುರಿಗೆ ಕೂತೆ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಬೇರೆ.

"ಅತ್ತೆ, ಕೊಕ್ಕರೆಗೆ ಅವನ ಹೆಸರೇ ಹಾಕಿದಾರೆ."

"ಹಾಕ್ಲಿ ಬಿಡು. ಮಷಿನ್ ಹೊಲಿಗೆ. ತೊಳೆದ್ರೆ ಮುದುಡಿಕೊಳ್ಳತ್ತೆ."

"ಹೊಲಿಗೆ ವಿಷಯ ಅಲ್ಲ ಅತ್ತೆ. ನನಗೆ ನಾಯಿ ಅಂತ ಬರೆದಿದೀಯಲ್ಲ."

ಅತ್ತೆ ಕೈಯಲ್ಲಿದ್ದ ದಂಟು ಕೆಳಗಿಟ್ಟಳು. "ನಾಯಿ ಅಂತ ಯಾರೇ ಬರೆದರು? ನಾಯಿ ಬೇರೆ, ಕುನ್ನಿ ಬೇರೆ. ನಾಯಿನ ಬಾಗಿಲಾಚೆ ಕಟ್ತಾರೆ, ಕುನ್ನಿನ ಮಡಿಲಲ್ಲಿ ಇಟ್ಕೋತಾರೆ. ಅಷ್ಟೂ ಗೊತ್ತಾಗಲ್ವಾ ನಿನಗೆ?"

"ನಿನಗೆ ಮಡಿಲು. ಡ್ರೈವರ್‌ಗೆ?"

"ಅವನ ಬಾಯಿಗೆ ಬೀಗ ಹಾಕೋಕಾಗತ್ತಾ? ಅವನು ನನ್ನನ್ನ ಅಜ್ಜಿ ಅಂತಾನೆ. ನಾನೇನು ಅವನ ಅಜ್ಜಿನಾ?"

"ನನಗೊಂದು ಹೆಸರಿದೆ ಅಲ್ವಾ ಅತ್ತೆ?"

ಅವಳು ದಂಟನ್ನು ಮತ್ತೆ ಕೈಗೆ ತೆಗೆದುಕೊಂಡಳು. "ಅದು ನಮ್ಮಮ್ಮನ ಹೆಸರು ಕಣೆ. ನಿನ್ನಪ್ಪ ಇಟ್ಟ, ಇಟ್ಟು ಹೊರಟುಹೋದ. ಬೈಯೋಳು ನಾನು, ಎಬ್ಬಿಸೋಳು ನಾನು. ಅಮ್ಮನ ಹೆಸರು ಹಿಡಿದು, ಏಳೇ ಸೋಮಾರಿ, ಅಂತ ಹೇಗೆ ಅನ್ಲಿ? ಒಂದು ಸಲ ಕರೆದೆ, ನೀನಿನ್ನೂ ಇಷ್ಟುದ್ದ ಇದ್ದೆ. ಕರೆದ ತಕ್ಷಣ ಯಾರೋ ಹಿಂದಿನಿಂದ ಓ ಅಂತಾರೆ ಅನ್ನಿಸ್ತು. ಆಮೇಲೆ ಬಾಯಿ ಬರಲಿಲ್ಲ."

ಅವಳ ಅಮ್ಮನ ಜೊತೆ ನಾನು ಜಗಳ ಆಡಲಾರೆ. ಆದರೆ ನನ್ನ ಹೆಸರಿಗೂ ನನಗೂ ನಡುವೆ ಒಬ್ಬರು ಸತ್ತವರು ಕೂತಿದ್ದಾರೆ, ಅವರು ಎದ್ದು ಜಾಗ ಬಿಡುವುದಿಲ್ಲ, ಬಿಡಿ ಅಂತ ನಾನೂ ಹೇಳುವಂತಿಲ್ಲ ಅನ್ನಿಸಿ ಮೈಯೆಲ್ಲ ಉರಿಯಿತು. ನಾನು ಸೊಪ್ಪಿನ ದಂಟುಗಳನ್ನು ಬಾಚಿ ಬುಟ್ಟಿಗೆ ಹಾಕಿದೆ. ಒಳ್ಳೆಯ ಎಲೆಗಳೂ ಹೋದವು. ಅತ್ತೆ ಅವನ್ನು ಮತ್ತೆ ಆರಿಸಿ ತೆಗೆದಳು.

ಮರುದಿನದಿಂದ ನಾನು ಜೇಬಿನ ಮೇಲೆ ಏನಾದರೂ ಅಡ್ಡ ಹಿಡಿದುಕೊಳ್ಳಲು ಶುರುಮಾಡಿದೆ. ಮಡಿಸಿದ ಟವೆಲ್ಲು, ದಾರದ ಉಂಡೆಗಳ ತಟ್ಟೆ. "ಏನೇ ಇದು, ಎದೆಗೆ ಅಪ್ಪಿಕೊಂಡೇ ಓಡಾಡ್ತೀಯಾ," ಅಂತ ಮೇಸ್ತ್ರಿ ರೇಗಿದರು. ಡ್ರೈವರ್ ಕೋಟನ್ನು ನೋಡಿ, "ಓಹೋ, ಈಗ ಪಟ್ಟಿನೂ ಹಾಕಿದಾರೆ ಕುತ್ತಿಗೆಗೆ," ಅಂದ. ಅಷ್ಟು ದಿನಕ್ಕೆ ಅವನಿಗೆ ಹೊಸ ಮಾತು ಸಿಕ್ಕಿತ್ತು, ಅದೂ ನನ್ನ ದೆಸೆಯಿಂದ.

ಹೋಟೆಲಿನ ಮ್ಯಾನೇಜರ್ ಬಂದದ್ದು ಆ ವಾರವೇ. ಕೋಟುಗಳನ್ನು ತಾನೇ ನೋಡಿ ಒಯ್ಯುತ್ತೇನೆ ಅಂದಿದ್ದನಂತೆ. ಮೇಸ್ತ್ರಿ ಕುರ್ಚಿ ಒರೆಸಿದರು. ಒಂದೊಂದೇ ಕೋಟು ಬಿಡಿಸಿ ತೋರಿಸುವ ಕೆಲಸ ನನ್ನದು. ಎರಡು ಕೈಯಲ್ಲೂ ಕೋಟಿನ ಹೆಗಲು ಹಿಡಿದಿರುವಾಗ ಜೇಬು ಮುಚ್ಚಲು ಮೂರನೆಯ ಕೈ ಎಲ್ಲಿಂದ ತರಲಿ?

ಮ್ಯಾನೇಜರ್ ಕೋಟು ನೋಡುವುದನ್ನು ಬಿಟ್ಟು ನನ್ನ ಜೇಬು ನೋಡಿದ. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದ.

"ಏನ್ರೀ ಇದು, ನಿಮ್ಮಲ್ಲಿ ನಾಯಿಗೂ ಯೂನಿಫಾರಂ ಕೊಡ್ತೀರಾ?"

ಅವನು ಕೇಳಿದ್ದು ಮೇಸ್ತ್ರಿಯನ್ನು. ನಾನು ಅಲ್ಲಿ ಇದ್ದೂ ಇಲ್ಲದ ಹಾಗೆ.

ಮೇಸ್ತ್ರಿ ಹಲ್ಲು ಬಿಟ್ಟರು. "ಹೇ ಹಾಗೇನಿಲ್ಲ ಸಾರ್, ಮನೇಲಿ ಮುದ್ದಿಗೆ ಕರೆಯೋದು."

"ಮುದ್ದಿಗಾ? ಸರಿ ಸರಿ." ಅವನು ಪೂರ್ತಿ ನಕ್ಕು ಮುಗಿಸಿ, ಬಾಗಿಲ ಬಳಿಯಿದ್ದ ರಟ್ಟಿನ ಡಬ್ಬದ ಕಡೆ ಬೆರಳು ತೋರಿಸಿದ. "ಕುನ್ನಿ, ಅದನ್ನ ಎತ್ಕೊಂಡು ಬಾ."

ನಾನು ಎತ್ತಿಕೊಂಡು ಬಂದೆ.

ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ನನ್ನ ಕಾಲುಗಳ ಮೇಲೆ. ಆ ಮಾತು ಕಿವಿಗೆ ಬೀಳುತ್ತಲೇ ನನ್ನನ್ನು ಒಂದು ಮಾತು ಕೇಳದೆ ಹೊರಟವು. ಇಷ್ಟು ವರ್ಷ ಅಭ್ಯಾಸ ಮಾಡಿಸಿದ್ದರಲ್ಲ.

ಡಬ್ಬ ಇಳಿಸುವಾಗ ಅತ್ತೆಯನ್ನು ನೋಡಿದೆ. ಅವಳು ಮೇಜಿನ ಬಳಿ ಬಗ್ಗಿ ಕೂತು ಒಂದು ಕೋಟಿನ ಹೆಸರು ಬಿಚ್ಚುತ್ತಿದ್ದಳು. ಚರ್ ಅಂತ ಸಣ್ಣ ಸದ್ದು ಬಂತು. ಅತ್ತೆಯ ಕೊಕ್ಕೆ ಬಟ್ಟೆಯನ್ನು ಹರಿದಿತ್ತು. ನನಗೆ ಬುದ್ಧಿ ಬಂದಾಗಿನಿಂದ ಅವಳ ಕೈಯಲ್ಲಿ ಬಟ್ಟೆ ಹರಿದದ್ದನ್ನು ನಾನು ನೋಡಿರಲಿಲ್ಲ. ಅವಳು ಆ ಕೋಟನ್ನು ಮಡಿಸಿ ರಾಶಿಯ ಅಡಿಗೆ ತಳ್ಳಿದಳು. ತಲೆ ಎತ್ತಲಿಲ್ಲ.

ಈಗಲಾದರೂ ಅರ್ಥವಾಯಿತು ಅಂದುಕೊಂಡೆ. ಮನೆಗೆ ನಡೆಯುವಾಗ ಅವಳೇ ಮಾತು ತೆಗೆಯಲಿ ಅಂತ ಕಾದೆ. ಅವಳು ತೆಗೆದಳು.

"ಅವನ ಎದುರಿಗೆ ಕೋಟು ಹಾಕ್ಕೊಂಡು ನೀನ್ಯಾಕೆ ಹೋದೆ?"

"ಹಾಕ್ಕೊಳ್ಳದಿದ್ರೆ ಮಾಲೀಕರು ಬೈತಾರೆ ಅತ್ತೆ."

"ಕೂದಲು ಮುಂದಕ್ಕೆ ಹಾಕ್ಕೊಂಡಿದ್ರೆ ಮುಚ್ಚಿಹೋಗ್ತಿತ್ತು."

"ಕೆಲಸದ ಹೊತ್ತಲ್ಲಿ ಕೂದಲು ಕಟ್ಟಬೇಕು ಅಂತ ನೀನೇ ಅಲ್ವಾ ಹೇಳೋದು?"

"ಎಲ್ಲದಕ್ಕೂ ಎದುರು ಮಾತಾಡು. ಎರಡು ಹೆಜ್ಜೆ ಹಿಂದೆ ನಿಲ್ಲೋದು ಕಲಿ ಮೊದಲು." ಅವಳು ಬಿರಬಿರನೆ ನಡೆದಳು. ಅಂಗಡಿಗಳ ಮುಂದೆ ಜನ ಇದ್ದರು, ನಾನು ಹಿಂದೆ ಬಿದ್ದೆ. ತಿರುವಿನಲ್ಲಿ ಅವಳು ನಿಂತು, ಹಿಂತಿರುಗಿ, ಜನರ ತಲೆಗಳ ಮೇಲಿಂದ ಕರೆದಳು. "ಕುನ್ನೀ, ಬೇಗ ಬಾ."

ಹಣ್ಣು ಕೊಳ್ಳುತ್ತಿದ್ದ ಹೆಂಗಸೊಬ್ಬಳು ನಾಯಿಮರಿ ಎಲ್ಲಿದೆ ಅಂತ ಕಾಲಬುಡದಲ್ಲಿ ಹುಡುಕಿದಳು.

ಮಾರನೆಯ ಬೆಳಗ್ಗೆ ಅತ್ತೆಗಿಂತ ಮೊದಲೇ ಹೊರಟು ಬಂದೆ. ಬೀಗ ತೆಗೆದದ್ದು ಕೊಕ್ಕರೆ. ಅವನು ಮಷಿನ್‌ಗಳಿಗೆ ಎಣ್ಣೆ ಬಿಡುತ್ತಿದ್ದಾಗ ನಾನು ನನ್ನ ಜಾಗದಲ್ಲಿ ಕೂತು, ಕೋಟನ್ನು ಮಗುಚಿ, ಕೊಕ್ಕೆ ಹಿಡಿದೆ. ಮಷಿನ್ ಹೊಲಿಗೆಯಾದರೆ ಒಳಗೆ ಕತ್ತರಿಸಲು ಬಿಳಿ ದಾರ ಇರುತ್ತದೆ. ಅತ್ತೆಯ ಹೊಲಿಗೆಗೆ ಬೆನ್ನೇ ಇರಲಿಲ್ಲ. ಒಳಗೂ ಹೊರಗೂ ಒಂದೇ ನುಣುಪು, ಒಂದೇ ಬಿಗಿ. ಎಲ್ಲಿಂದ ಶುರುಮಾಡುವುದು ಗೊತ್ತಾಗದೆ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಕೊನೆಗೆ ಬಾಲದಿಂದ ಶುರುಮಾಡಿದೆ. ಎಳೆ ಎಳೆ ಬಿಡಿಸಬೇಕಾಯಿತು. ಕಿವಿಗಳನ್ನು ಬಿಚ್ಚುವಾಗ ಅಳು ಬಂತು, ಅದಕ್ಕೂ ಸಿಟ್ಟು ಬಂತು. ಬಂದ ದಾರವನ್ನು ಕಸಕ್ಕೆ ಹಾಕಲು ಮನಸ್ಸಾಗಲಿಲ್ಲ, ಬೆರಳಿಗೆ ಸುತ್ತಿ ಉಂಡೆ ಮಾಡಿ ಮೇಜಿನ ಖಾನೆಯಲ್ಲಿ ಇಟ್ಟೆ. ಆವಿ ಹಾಯಿಸಿ, ಉಗುರಿನಲ್ಲಿ ತಿಕ್ಕಿ, ಇಸ್ತ್ರಿ ಹಾಕಿದೆ. ಆದರೂ ನೀಲಿ ಬಟ್ಟೆಯ ಮೇಲೆ ಸೂಜಿಯ ತೂತುಗಳು ಸಾಲಾಗಿ ಉಳಿದವು. ಓರೆಯಾಗಿ ಬೆಳಕಿಗೆ ಹಿಡಿದರೆ ಇನ್ನೂ ಓದಬಹುದಿತ್ತು.

ಅದರ ಮೇಲೆ ನಾನೇ ಹೊಲಿದುಕೊಳ್ಳಬಹುದಿತ್ತು. ಸೂಜಿ ಇತ್ತು, ದಾರ ಇತ್ತು, ಅಕ್ಷರವೂ ಬರುತ್ತದೆ. ಆದರೆ ಹೊಲಿದುಕೊಂಡರೆ ಅದು ನಾನು ನನಗೇ ಹೇಳಿಕೊಂಡ ಹಾಗೆ. ಶಾಲೆಯಲ್ಲಿ ಯಾರಾದರೂ ತಮ್ಮ ಹೆಸರನ್ನು ತಾವೇ ಕೂಗಿ, ತಾವೇ ಎದ್ದು ನಿಲ್ಲುತ್ತಾರೆಯೇ?

ಮೇಸ್ತ್ರಿ ಬಂದರು. ಮಷಿನ್‌ಗಳು ಶುರುವಾದವು. ಅತ್ತೆ ಬಂದಳು. ನನ್ನ ಮುಂದೆ ಮಡಿಸಿಟ್ಟ ಕೋಟನ್ನು ನೋಡಿ, "ಬಿಟ್ಟು ಬಂದೆ ನನ್ನ, ಕಾಲು ಬಂದಿದೆ ನಿನಗೆ," ಅಂದು ಕುರ್ಚಿ ಎಳೆದುಕೊಂಡಳು. ನಾನು ಬಾಯಿ ತೆರೆದೆ. ಮಷಿನ್‌ಗಳ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಮುಚ್ಚಿದೆ. ಇನ್ನೊಮ್ಮೆ ತೆರೆಯುವಷ್ಟರಲ್ಲಿ ಡ್ರೈವರ್ ಗಂಟು ಹೊತ್ತು ಬಂದು ಬಾಗಿಲಲ್ಲಿ ನಿಂತು, ನಾಲಿಗೆ ಲೊಚಗುಟ್ಟಿಸಿದ.

ಆಗ ಕರೆಂಟು ಹೋಯಿತು. ಮಷಿನ್‌ಗಳು ಒಂದೊಂದಾಗಿ ನಿಂತವು. ಫ್ಯಾನಿನ ರೆಕ್ಕೆ ನಿಧಾನವಾಯಿತು. ಕೊಕ್ಕರೆ ಏನೋ ಗೊಣಗಿ ಹಿಂದಕ್ಕೆ ಒರಗಿದ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ನಮ್ಮ ಮೇಜಿನ ಹತ್ತಿರ ಬಂದರು.

ನಾನು ಕೋಟನ್ನು ಬಿಡಿಸಿ, ಖಾಲಿ ಜೇಬು ಮೇಲೆ ಬರುವಂತೆ ಅತ್ತೆಯ ಮುಂದೆ ಹಾಸಿದೆ.

ಅವಳು ಮೊದಲು ಕಣ್ಣಿನಿಂದ ನೋಡಿದಳು, ಆಮೇಲೆ ಒರಟು ಬೆರಳಿನಿಂದ ಆ ತೂತುಗಳ ಸಾಲನ್ನು ಮುಟ್ಟಿದಳು. ಬಾಲದ ತಿರುವಿನವರೆಗೂ ಬೆರಳು ಹೋಯಿತು, ಅಲ್ಲಿ ನಿಂತಿತು. ಮೇಸ್ತ್ರಿ ಅವಳ ಮುಖ ನೋಡಿ, ನನ್ನ ಮುಖ ನೋಡಿ, ಗೋಡೆಯ ಮೇಲೆ ನೇತುಹಾಕಿದ್ದ ದಾರದ ಉಂಡೆಗಳಲ್ಲಿ ಏನನ್ನೋ ಹುಡುಕಲು ತಿರುಗಿದರು. ಡ್ರೈವರ್ ಗಂಟನ್ನು ಇಳಿಸದೆ ಹೆಗಲ ಮೇಲೇ ಇಟ್ಟುಕೊಂಡು ನಿಂತಿದ್ದ.

ಅಷ್ಟು ನಿಶ್ಶಬ್ದದಲ್ಲಿ ನಾನು ಅಲ್ಲಿ ಎಂದೂ ಮಾತಾಡಿರಲಿಲ್ಲ.

"ಅತ್ತೆ, ಇದರ ಮೇಲೆ ನನ್ನ ಹೆಸರು ಹೊಲಿದು ಕೊಡು."

ಫ್ಯಾನು ಪೂರ್ತಿ ನಿಂತಿತು. ಅತ್ತೆಯ ಬೆರಳು ಜೇಬಿನ ಮೇಲೇ ಇತ್ತು. ನಾನು ಸೂಜಿಯನ್ನೂ ಬಿಳಿ ದಾರವನ್ನೂ ಅವಳ ಕೈಗೆ ಎಟಕುವ ಹಾಗೆ ಇಟ್ಟೆ, ಮತ್ತೆ ಕೇಳಿದೆ.

"ನನ್ನ ಹೆಸರು ಹೊಲಿದು ಕೊಡು ಅತ್ತೆ."